ಕಬ್ಬಿನ ಕಾಟಾ ಸಾಫ್ಟ್‌ವೇರಿನಲ್ಲಿ ಅಸರ್ಟ್: ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಕಬ್ಬು ಹೇರಿದ ಟ್ರ್ಯಾಕ್ಟರ್ ಕಾರ್ಖಾನೆಯ ಕಾಟಾ ಮೇಲೆ ಎರಡು ಸಲ ನಿಲ್ಲುತ್ತದೆ. ಒಳಗೆ ಹೋಗುವಾಗ ತುಂಬಿದ ತೂಕ, ಕಬ್ಬು ಇಳಿಸಿ ಹೊರಗೆ ಬರುವಾಗ ಖಾಲಿ ತೂಕ. ಜೋಡಿ ಡಬ್ಬಿಯ ಗಾಡಿ ಮೊದಲು 29,860 ಕೆಜಿ, ಆಮೇಲೆ 8,140 ಕೆಜಿ ತೂಗಿದರೆ ರೈತನ ಲೆಕ್ಕಕ್ಕೆ 21,720 ಕೆಜಿ ಬೀಳಬೇಕು. ಈಗ ಕೋಡಿನಲ್ಲಿ ಎಲ್ಲೋ ಒಂದು ಕಡೆ ಫಂಕ್ಷನ್‌ಗೆ ಈ ಎರಡು ತೂಕಗಳನ್ನು ಅದಲುಬದಲಾಗಿ ಕೊಟ್ಟಿದ್ದೀರಿ ಎನ್ನಿ. ಉತ್ತರ ಮೈನಸ್ 21,720. ಕಂಪ್ಯೂಟರಿಗೆ ಅದೂ ಒಂದು ಸಂಖ್ಯೆಯೇ. ಡೇಟಾಬೇಸಿನಲ್ಲಿ ಹೋಗಿ ತಣ್ಣಗೆ ಕೂರುತ್ತದೆ. ದಿನದ ಒಟ್ಟು ಮೊತ್ತದಲ್ಲಿ ಸಾವಿರಾರು ಟನ್‌ಗಳ ನಡುವೆ ಕರಗಿಹೋಗುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು ಎಂಬ ನಿಯಮದಂತೆ ಬಿಲ್ ತೆಗೆಯುವಾಗ ರೈತ ಬಂದು ಕೇಳಿದ ಮೇಲೆಯೇ ಅದು ಗೊತ್ತಾಗುವುದು. ಅಷ್ಟು ಹೊತ್ತಿಗೆ ತಪ್ಪು ಹುಟ್ಟಿದ ಸಾಲಿಗೂ ತಪ್ಪು ಕಂಡ ಕಾಗದಕ್ಕೂ ನಡುವೆ ಹತ್ತಾರು ಫಂಕ್ಷನ್‌, ನಾಲ್ಕಾರು ಟೇಬಲ್‌ ದಾಟಿಹೋಗಿರುತ್ತವೆ.

ಅಸರ್ಟ್ ಎಂದರೆ ಈ ದೂರವನ್ನು ಕಡಿಮೆ ಮಾಡುವ ಒಂದು ಸಾಲು. "ಈ ಜಾಗಕ್ಕೆ ಬಂದಾಗ ಇದು ಹೀಗೇ ಇರಬೇಕು, ಇಲ್ಲದಿದ್ದರೆ ನನ್ನ ಕೋಡೇ ತಪ್ಪು" ಎಂದು ಬರೆದವರು ಅಲ್ಲೇ ಬರೆದಿಡುವುದು. ಮಾತು ಸುಳ್ಳಾದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ (ಇದನ್ನೇ ಅಸರ್ಟ್ ಸಿಡಿಯಿತು ಎನ್ನುವುದು), ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆಯನ್ನು ಮುಂದಿಡುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಕಾಟಾ, ಬಿಲ್ಲು, ಸೊಸೈಟಿ ಲೆಕ್ಕದ ಸಾಫ್ಟ್‌ವೇರ್ ಬರೆಯುವವರಿಗೂ ಇದನ್ನೇ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಿಕೊಂಡ ವಿದ್ಯಾರ್ಥಿಗಳಿಗೂ ಉಪಯೋಗವಾಗಲೆಂದು ಒಂದೇ ಉದಾಹರಣೆಯನ್ನು ಕಾಟಾದಿಂದ ಬಿಲ್ಲಿನವರೆಗೆ ಎಳೆದುಕೊಂಡು ಹೋಗಿದ್ದೇವೆ. ಕೋಡು ಪೈಥಾನ್ ರೂಪದಲ್ಲಿದೆ. ಓದಲು ಅನುಕೂಲವಾಗಲೆಂದು ಕೀವರ್ಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಅಸರ್ಟ್, ಡೆಫ್, ರಿಟರ್ನ್ ಮುಂತಾದವನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ವೇರಿಯಬಲ್ ಹೆಸರುಗಳು ಕನ್ನಡದಲ್ಲಿದ್ದರೂ ಪೈಥಾನ್ 3 ಒಪ್ಪುತ್ತದೆ. ಆದರೆ ಒತ್ತಕ್ಷರವಾಗದಂತೆ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಕೀಬೋರ್ಡ್ ಸೇರಿಸುವ, ಕಣ್ಣಿಗೆ ಕಾಣದ ಅಕ್ಷರವೊಂದಿದೆ. ಅದು ಹೆಸರಿನೊಳಗೆ ನುಸುಳಿದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಗಂಟೆಗಟ್ಟಲೆ ಹುಡುಕಿದರೂ ಕಣ್ಣಿಗೆ ಬೀಳದ ತಪ್ಪು ಅದು.

ಮೊದಲು ಅಸರ್ಟ್ ಚಾಲೂ ಇದೆಯೇ ನೋಡಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಪ್ರೋಗ್ರಾಂ ಶುರುವಾಗುವ ಜಾಗದಲ್ಲಿ ಹೀಗೆ ಒಂದು ಸಾಲು ಹಾಕಿ ಓಡಿಸಿ:

    ಅಸರ್ಟ್ 1 == 2, "ಅಸರ್ಟ್ ಚಾಲೂ ಇದೆ"

ಪ್ರೋಗ್ರಾಂ ನಿಂತರೆ ಸರಿ, ಸಾಲನ್ನು ತೆಗೆಯಿರಿ. ನಿಲ್ಲದೆ ಮುಂದೆ ಓಡಿದರೆ ನೀವು ಇನ್ನು ಬರೆಯುವ ಅಸರ್ಟ್‌ಗಳೆಲ್ಲ ಊಟಕ್ಕಿಲ್ಲದ ಉಪ್ಪಿನಕಾಯಿ.

ಜಾವಾದಲ್ಲಿ ಇದು ಬಹಳ ಜನರಿಗೆ ಕೈಕೊಡುತ್ತದೆ. 2002ರಲ್ಲಿ ಬಂದ 1.4 ಆವೃತ್ತಿಯಿಂದ ಅಸರ್ಟ್ ಭಾಷೆಯಲ್ಲೇ ಇದೆ, ಆದರೆ ತಾನಾಗಿ ಚಾಲೂ ಆಗುವುದಿಲ್ಲ. ಓಡಿಸುವಾಗ ಮೈನಸ್ ಇಎ ಎಂಬ ಸ್ವಿಚ್ ಕೊಡಬೇಕು. ಎಕ್ಲಿಪ್ಸ್‌ನಲ್ಲಾದರೆ ರನ್ ಕಾನ್ಫಿಗರೇಷನ್ಸ್ ತೆರೆದು ಆರ್ಗ್ಯುಮೆಂಟ್ಸ್ ಪುಟದ ವಿಎಂ ಆರ್ಗ್ಯುಮೆಂಟ್ಸ್ ಚೌಕದಲ್ಲಿ ಬರೆಯಬೇಕು. ಮೇವನ್ ಮತ್ತು ಗ್ರೇಡಲ್ ಎಂಬ ಬಿಲ್ಡ್ ಸಾಧನಗಳು ಟೆಸ್ಟ್ ಓಡಿಸುವಾಗ ತಾವೇ ಅದನ್ನು ಚಾಲೂ ಮಾಡಿಕೊಳ್ಳುತ್ತವೆ. ಹೀಗಾಗಿ ಟೆಸ್ಟಿನಲ್ಲಿ ಸಿಡಿಯುವ ಅಸರ್ಟ್, ನಿಜವಾದ ಪ್ರೋಗ್ರಾಂ ಓಡುವಾಗ ಬಾಯಿ ಮುಚ್ಚಿಕೊಂಡಿರುತ್ತದೆ. ಯಾಕೆಂದು ಗೊತ್ತಿಲ್ಲದವರು ಟೆಸ್ಟನ್ನೇ ಅನುಮಾನಿಸುತ್ತಾರೆ.

ಪೈಥಾನ್‌ನಲ್ಲಿ ತದ್ವಿರುದ್ಧ: ತಾನಾಗಿ ಚಾಲೂ, ಮೈನಸ್ ದೊಡ್ಡಕ್ಷರ ಓ ಸ್ವಿಚ್ ಕೊಟ್ಟರೆ ಎಲ್ಲ ಅಸರ್ಟ್‌ಗಳೂ ಮಾಯ. ಸಿ, ಸಿ++ನಲ್ಲಿ ಎನ್‌ಡಿಬಗ್ ಎಂಬ ಮ್ಯಾಕ್ರೋ ಇದ್ದರೆ ಅಸರ್ಟ್ ಇಲ್ಲ. ಸಿಮೇಕ್ ಎಂಬ ಬಿಲ್ಡ್ ಸಾಧನ, ಬಳಕೆದಾರರಿಗೆ ಕೊಡಲು ಸಿದ್ಧಪಡಿಸುವ ರಿಲೀಸ್ ಬಿಲ್ಡ್‌ಗೆ ಅದನ್ನು ತಾನೇ ಸೇರಿಸುತ್ತದೆ. ಡೀಬಗ್ ಮಾಹಿತಿ ಇರುವ ರಿಲೀಸ್ ಬಿಲ್ಡ್‌ಗೂ ಸೇರಿಸುತ್ತದೆ ಎನ್ನುವುದು ಅನೇಕರಿಗೆ ಗೊತ್ತಿರುವುದಿಲ್ಲ. ಕಾಟಾ ಸಾಫ್ಟ್‌ವೇರ್ ಸಿ ಶಾರ್ಪ್‌ನಲ್ಲಿದ್ದರೆ ಅಲ್ಲಿನ ಡೀಬಗ್ ಅಸರ್ಟ್ ಡೀಬಗ್ ಬಿಲ್ಡ್‌ನಲ್ಲಿ ಮಾತ್ರ ಉಳಿಯುತ್ತದೆ. ಡಾರ್ಟ್ ಮತ್ತು ಫ್ಲಟರ್‌ನಲ್ಲಿ ರಿಲೀಸ್ ಆ್ಯಪ್‌ಗೆ ಅಸರ್ಟ್ ಹೋಗುವುದೇ ಇಲ್ಲ. ರಸ್ಟ್‌ನಲ್ಲಿ ಎರಡು ಬಗೆ: ಸಾದಾ ಅಸರ್ಟ್ ಯಾವಾಗಲೂ ಇರುತ್ತದೆ, ಡೀಬಗ್ ಅಸರ್ಟ್ ರಿಲೀಸ್‌ನಲ್ಲಿ ಬಿಟ್ಟುಹೋಗುತ್ತದೆ. ಬ್ರೌಸರಿನ ಕನ್ಸೋಲ್ ಅಸರ್ಟ್ ಹೆಸರಿಗಷ್ಟೇ ಅಸರ್ಟ್; ಕೆಂಪಕ್ಷರದಲ್ಲಿ ಒಂದು ಸಾಲು ಬರೆದು ಮುಂದಕ್ಕೆ ಓಡುತ್ತದೆ, ನಿಲ್ಲಿಸುವುದಿಲ್ಲ. ಗೋ ಭಾಷೆ ಬೇಕೆಂತಲೇ ಅಸರ್ಟ್ ಇಟ್ಟುಕೊಂಡಿಲ್ಲ.

ಬಾಗಿಲಲ್ಲಿ ತಪಾಸಣೆ, ಒಳಗೆ ಅಸರ್ಟ್

ಅಸರ್ಟ್ ಬಗ್ಗೆ ತಿಳಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಈ ಗೆರೆ ಎಲ್ಲಿದೆ ಎನ್ನುವುದೇ. ಹೊರಗಿನಿಂದ ಬರುವುದು ತಪ್ಪಾಗಿರಬಹುದು. ಅದಕ್ಕೆ ತಪಾಸಣೆ ಬೇಕು, ಅರ್ಥವಾಗುವ ಸಂದೇಶ ಬೇಕು, ಮತ್ತೆ ಪ್ರಯತ್ನಿಸಲು ದಾರಿ ಬೇಕು. ಒಳಗೆ ಬಂದ ಮೇಲೆ ತಪ್ಪಾಗಿದ್ದರೆ ಅದು ನಮ್ಮದೇ ತಪ್ಪು, ಅದಕ್ಕೆ ಅಸರ್ಟ್.

ಕಾಟಾದ ಇಂಡಿಕೇಟರ್ (ತೂಕ ತೋರಿಸುವ ಪೆಟ್ಟಿಗೆ) ಸೀರಿಯಲ್ ತಂತಿಯ ಮೂಲಕ ತೂಕ ಕಳಿಸುತ್ತದೆ. ತಂತಿ ಸಡಿಲವಾಗಿದ್ದರೆ ಅರ್ಧ ಅಂಕಿ ಬರುತ್ತದೆ, ಗಾಡಿ ಅಲುಗಾಡುತ್ತಿದ್ದರೆ ತೂಕ ನಿಲ್ಲದೆ ಹೊಯ್ದಾಡುತ್ತದೆ. ಕಾಟಾ 10 ಕೆಜಿ ಹೆಜ್ಜೆಯದಾಗಿದ್ದೂ 29,863 ಬಂದರೆ ಸಾಗಣೆಯಲ್ಲಿ ಅಂಕಿ ಕೆಟ್ಟಿದೆ ಎಂದರ್ಥ. ಇವಾವುವೂ ನಿಮ್ಮ ಕೋಡಿನ ತಪ್ಪಲ್ಲ. ಇಲ್ಲಿ ಅಸರ್ಟ್ ಹಾಕಿದರೆ ಸಡಿಲ ತಂತಿಯ ಕಾರಣಕ್ಕೆ ಪ್ರೋಗ್ರಾಂ ಸಾಯುತ್ತದೆ, ಹಿಂದೆ ಗೇಟಿನಾಚೆಯವರೆಗೆ ಗಾಡಿಗಳ ಸಾಲು, "ಯಾಕ್ರೀ ಸಾಹೇಬ್ರ, ಕಾಟಾ ಯಾಕ ನಿಂತೈತಿ?" ಎಂದು ಡ್ರೈವರ್‌ಗಳ ಕೂಗು. ಅಲ್ಲಿ ಬೇಕಾದ್ದು ಇಫ್: ಅಂಕಿ ಸರಿಯಿಲ್ಲದಿದ್ದರೆ ಮತ್ತೊಮ್ಮೆ ಓದು, ಮೂರು ಸಲ ಸರಿಬರದಿದ್ದರೆ ಪರದೆ ಮೇಲೆ ಹೇಳು. ಗುಮಾಸ್ತರು ಟೈಪ್ ಮಾಡುವ ಐಎಫ್‌ಎಸ್‌ಸಿ ಕೋಡೂ ಹಾಗೆಯೇ. ಅದಕ್ಕೆ 11 ಅಕ್ಷರ, ಐದನೆಯದು ಸೊನ್ನೆ. ಸೊನ್ನೆಯ ಬದಲು ಇಂಗ್ಲಿಷಿನ ಓ ಹೊಡೆಯುವುದು ಮನುಷ್ಯ ಸಹಜ. ಅದಕ್ಕೂ ಇಫ್.

ಆದರೆ ಬಾಗಿಲಲ್ಲಿ ಒಮ್ಮೆ ತಪಾಸಣೆಯಾಗಿ ಒಳಗೆ ಬಂದ ತೂಕ, ನಿವ್ವಳ ಲೆಕ್ಕದ ಫಂಕ್ಷನ್‌ಗೆ ಹೋಗುವಾಗ ಉಲ್ಟಾ ಆಗಿದ್ದರೆ ಅದಕ್ಕೆ ತಂತಿಯೂ ಕಾರಣವಲ್ಲ, ಗುಮಾಸ್ತರೂ ಅಲ್ಲ.

    ಡೆಫ್ ನಿವ್ವಳ(ತುಂಬಿದ_ಕೆಜಿ, ಖಾಲಿ_ಕೆಜಿ):
        ಅಸರ್ಟ್ ಖಾಲಿ_ಕೆಜಿ > 0, ಖಾಲಿ_ಕೆಜಿ
        ಅಸರ್ಟ್ ತುಂಬಿದ_ಕೆಜಿ > ಖಾಲಿ_ಕೆಜಿ, (ತುಂಬಿದ_ಕೆಜಿ, ಖಾಲಿ_ಕೆಜಿ)
        ರಿಟರ್ನ್ ತುಂಬಿದ_ಕೆಜಿ - ಖಾಲಿ_ಕೆಜಿ

ಎರಡು ಷರತ್ತು, ಎರಡು ಸಾಲು. ಎರಡನ್ನೂ "ಮತ್ತು" ಹಾಕಿ ಒಂದೇ ಸಾಲಿಗೆ ಹೆಣೆದರೆ, ಸಿಡಿದಾಗ ಯಾವುದು ಸುಳ್ಳಾಯಿತೆಂದು ಗೊತ್ತಾಗದು. ಅಲ್ಪವಿರಾಮದ ನಂತರ ಇರುವುದು ಸಂದೇಶ. ಅಲ್ಲಿ "ತಪ್ಪು ತೂಕ" ಎಂದು ಬರೆಯುವುದಕ್ಕಿಂತ ಅಂಕಿಗಳನ್ನೇ ಕೊಡಿ. "ತಪ್ಪು ತೂಕ" ಎಂದರೆ ಏನೂ ಹೇಳಿದಂತಾಗಲಿಲ್ಲ. (8140, 29860) ಎಂದು ಕಂಡ ತಕ್ಷಣ ಅದಲುಬದಲಾದದ್ದು ಎದ್ದು ಕಾಣುತ್ತದೆ.

ಇನ್ನೊಂದು ಸೂಕ್ಷ್ಮ. ಕೆಲವು ಗಾಡಿಗಳು ಕಬ್ಬು ಇಳಿಸದೆ ವಾಪಸ್ ಹೋಗುವುದುಂಟು. ಅವುಗಳ ಎರಡನೆಯ ತೂಕ ಮೊದಲನೆಯದಕ್ಕೆ ಸಮ. ಮಧ್ಯೆ ಮಳೆ ಬಿದ್ದರೆ 10-20 ಕೆಜಿ ಜಾಸ್ತಿಯೂ ಆಗಬಹುದು. ಮೇಲಿನ ಅಸರ್ಟ್ ಅಲ್ಲಿ ಸಿಡಿಯುತ್ತದೆ. ಹಾಗೆಂದು ಅಸರ್ಟನ್ನು ಸಡಿಲಿಸಬೇಡಿ. ವಾಪಸ್ ಗಾಡಿ ನಿವ್ವಳದ ಫಂಕ್ಷನ್‌ಗೆ ಬರಲೇಬಾರದು, ಅದರ ದಾರಿಯನ್ನು ಮೊದಲೇ ಬೇರೆ ಮಾಡಿ. ಅಸರ್ಟ್ ಬರೆಯಲು ಕೂತಾಗಲೇ ಇಂಥ ಪ್ರಶ್ನೆ ಏಳುತ್ತದೆ. ಅಸರ್ಟ್ ಒಮ್ಮೆಯೂ ಸಿಡಿಯದಿದ್ದರೂ ಅದನ್ನು ಬರೆದ ಶ್ರಮ ವ್ಯರ್ಥವಲ್ಲ ಎನ್ನುವುದು ಇದಕ್ಕೇ.

ಗೆರೆಯ ಆಚೆ ಬೀಳುವ ಇನ್ನೊಂದು ಉದಾಹರಣೆ: ಬಿಲ್ಲಿನಲ್ಲಿ ಕಬ್ಬಿನ ಬೆಲೆಯಿಂದ ಕಟಾವು ಮತ್ತು ಸಾಗಣೆ ವೆಚ್ಚ, ಸೊಸೈಟಿ ಸಾಲದ ಕಂತು ಎಲ್ಲ ಕಳೆದು ಉಳಿದದ್ದು ರೈತನ ಖಾತೆಗೆ. "ಉಳಿದದ್ದು ಸೊನ್ನೆಗಿಂತ ಕಡಿಮೆ ಇರಬಾರದು" ಎಂದು ಅಸರ್ಟ್ ಬರೆಯಲು ಕೈ ಹೋಗುತ್ತದೆ. ಬರೆಯಬೇಡಿ. ಕಬ್ಬು ಕಡಿಮೆ ಬಂದು ಸಾಲ ಜಾಸ್ತಿ ಇದ್ದರೆ ಉಳಿಕೆ ನಿಜಕ್ಕೂ ಮೈನಸ್ ಆಗುತ್ತದೆ. ಅದು ಹೊಲದ ಕಷ್ಟ, ಕೋಡಿನ ತಪ್ಪಲ್ಲ. ಬಾಕಿಯನ್ನು ಮುಂದಿನ ಬಿಲ್ಲಿಗೆ ಹೊರಿಸುವುದೋ, ಕಂತು ತಡೆಯುವುದೋ ಎಂದು ಕೇಳಿ ತಿಳಿದು ಅದಕ್ಕೊಂದು ದಾರಿ ಬರೆಯಬೇಕು. ಆ ಜಾಗಕ್ಕೆ ಹೊಂದುವ ಅಸರ್ಟ್ ಬೇರೆ:

    ಅಸರ್ಟ್ ಉಳಿಕೆ + ಕಟಾವು + ಸಾಗಣೆ + ಕಂತು == ಒಟ್ಟು_ಪೈಸೆ

ಎಲ್ಲ ಭಾಗಗಳನ್ನು ಕೂಡಿಸಿದರೆ ಇಡಿಯೇ ಬರಬೇಕು. ರೈತ ಬಡವನಿರಲಿ ಸಿರಿವಂತನಿರಲಿ, ಇದು ಸುಳ್ಳಾದರೆ ಒಂದು ಕಡಿತವನ್ನು ಎರಡು ಸಲ ಕಳೆದಿದ್ದೀರಿ ಅಥವಾ ಒಂದನ್ನು ಮರೆತಿದ್ದೀರಿ.

ಇಲ್ಲಿ ಸಮ ಚಿಹ್ನೆಯನ್ನು ಧೈರ್ಯವಾಗಿ ಬಳಸಿರುವುದು ಲೆಕ್ಕ ಪೈಸೆಯಲ್ಲಿ, ಪೂರ್ಣಾಂಕದಲ್ಲಿ ಇರುವುದರಿಂದ. ರೂಪಾಯಿಯನ್ನು ದಶಮಾಂಶದ ಫ್ಲೋಟ್‌ನಲ್ಲಿಟ್ಟರೆ 0.1ಕ್ಕೆ 0.2 ಕೂಡಿಸಿದಾಗ ಸರಿಯಾಗಿ 0.3 ಬರುವುದಿಲ್ಲ; ಏನೂ ತಪ್ಪಿಲ್ಲದಿದ್ದರೂ ಅಸರ್ಟ್ ಸಿಡಿಯುತ್ತದೆ, ನಾಲ್ಕು ದಿನದಲ್ಲಿ ಯಾರೋ ಬೇಸತ್ತು ಅದನ್ನು ಅಳಿಸುತ್ತಾರೆ. ತೂಕ ಕೆಜಿಯಲ್ಲಿ, ಹಣ ಪೈಸೆಯಲ್ಲಿ ಇಡಿ. ಕಬ್ಬಿನ ಲೆಕ್ಕದಲ್ಲಿ ಒಂದು ಅನುಕೂಲವೂ ಇದೆ: ಕ್ವಿಂಟಲ್‌ಗೆ ಎಷ್ಟು ರೂಪಾಯಿಯೋ ಕೆಜಿಗೆ ಅಷ್ಟೇ ಪೈಸೆ. ಕ್ವಿಂಟಲ್‌ಗೆ 355 ರೂಪಾಯಿ ದರದಲ್ಲಿ ನಮ್ಮ 21,720 ಕೆಜಿಗೆ 77,10,600 ಪೈಸೆ, ಅಂದರೆ 77,106 ರೂಪಾಯಿ.

ಮಿತಿ ಕಟ್ಟುವ ಸಾಲಿನ ಮೇಲೊಂದು ಅಸರ್ಟ್

ತಪ್ಪನ್ನು ಮುಚ್ಚಿಹಾಕುವ ಕೋಡು ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಬೇಕಾದರೆ ಈ ದರದ ಲೆಕ್ಕವೇ ಸಾಕು. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ, ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರವಾದ ಎಫ್‌ಆರ್‌ಪಿ, ಸಕ್ಕರೆ ರಿಕವರಿ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು) ಶೇ 10.25 ಇದ್ದರೆ ಕ್ವಿಂಟಲ್‌ಗೆ 355 ರೂಪಾಯಿ. ರಿಕವರಿ ಶೇ 0.1 ಏರಿದರೆ 3.46 ರೂಪಾಯಿ ಜಾಸ್ತಿ, ಇಳಿದರೆ ಅಷ್ಟೇ ಕಡಿಮೆ. ಆದರೆ ಶೇ 9.5ಕ್ಕಿಂತ ಎಷ್ಟೇ ಕೆಳಗಿಳಿದರೂ ದರ 329.05ಕ್ಕಿಂತ ಕಡಿಮೆಯಾಗುವುದಿಲ್ಲ. ಕಾರ್ಖಾನೆಯೂ ರೈತರೂ ಕೂತು ಒಪ್ಪಿಕೊಳ್ಳುವ ದರ ಬೇರೆಯಿರಬಹುದು, ಸದ್ಯ ಅದನ್ನು ಬದಿಗಿಡೋಣ. ರಿಕವರಿಯನ್ನು ನೂರು ಪಟ್ಟು ಮಾಡಿ ಪೂರ್ಣಾಂಕವಾಗಿ ಇಟ್ಟುಕೊಂಡರೆ ಶೇ 10.25 ಎಂದರೆ 1025. ದರ ಪೈಸೆಯಲ್ಲಿ (// ಎಂದರೆ ಪೂರ್ಣಾಂಕ ಭಾಗಾಕಾರ):

    ಡೆಫ್ ಕ್ವಿಂಟಲ್_ದರ(ರಿಕವರಿ):
        ಮಾನ್ಯ = ಮ್ಯಾಕ್ಸ್(ರಿಕವರಿ, 950)
        ದರ = 35500 + (ಮಾನ್ಯ - 1025) * 346 // 10
        ಅಸರ್ಟ್ ದರ >= 32905, (ರಿಕವರಿ, ದರ)
        ರಿಟರ್ನ್ ದರ

ಕೊನೆಯಲ್ಲಿ ಅಸರ್ಟ್ ಕೂಡ ಇದೆ, ನೋಡಲು ಗಟ್ಟಿಯಾಗಿಯೇ ಇದೆ. ಈಗ ಬೇರೊಂದು ಫೈಲ್ ಬರೆದ ಸಹೋದ್ಯೋಗಿ 1025ರ ಬದಲು 10.25 ಎಂದೇ ಕಳಿಸುತ್ತಾರೆ. ಏನಾಗುತ್ತದೆ? 10.25 ಎಂಬುದು 950ಕ್ಕಿಂತ ಸಣ್ಣದು. ಹಾಗಾಗಿ ಮಾನ್ಯ 950 ಆಗುತ್ತದೆ, ದರ 329.05 ಬರುತ್ತದೆ. ಅಸರ್ಟ್ ತುಟಿ ಪಿಟಕ್ಕೆನ್ನುವುದಿಲ್ಲ. ಬಿಲ್ಲಿನಲ್ಲೂ ಅನುಮಾನ ಬರುವಂಥ ಅಂಕಿಯಿಲ್ಲ, ಅದು ಕಾನೂನು ಒಪ್ಪುವ ದರವೇ. 217.2 ಕ್ವಿಂಟಲ್ ಕೊಟ್ಟ ರೈತನಿಗೆ ಮಾತ್ರ ಕ್ವಿಂಟಲ್‌ಗೆ 25.95ರಂತೆ 5,636 ರೂಪಾಯಿ ಖೋತಾ. ಎಲ್ಲ ರೈತರಿಗೂ ಹೀಗೇ ಆಗುವುದರಿಂದ ಹೋಲಿಸಿ ನೋಡಿದರೂ ಗೊತ್ತಾಗದು.

ಮ್ಯಾಕ್ಸ್, ಮಿನ್, "ಇಲ್ಲದಿದ್ದರೆ ಸೊನ್ನೆ ಎಂದುಕೋ" ಮುಂತಾದ ಸಾಲುಗಳು ಕೆಟ್ಟ ಅಂಕಿಗೂ ಒಳ್ಳೆಯ ಬಟ್ಟೆ ತೊಡಿಸಿ ಕಳಿಸುತ್ತವೆ. ಬಟ್ಟೆ ತೊಡಿಸಿದ ಮೇಲೆ ಗುರುತು ಸಿಗದು. ಆದ್ದರಿಂದ ಮಿತಿ ಕಟ್ಟುವ ಸಾಲಿನ ಮೇಲೆಯೇ ಇದನ್ನು ಸೇರಿಸಿ:

        ಅಸರ್ಟ್ 500 <= ರಿಕವರಿ <= 1500, ರಿಕವರಿ

ಶೇ 5ರಿಂದ 15 ಎನ್ನುವುದು ಬೇಕೆಂತಲೇ ಸಡಿಲವಾಗಿ ಇಟ್ಟ ಗಡಿ. ನಿಮ್ಮ ಕಾರ್ಖಾನೆಯ ರಿಕವರಿ 10ರಿಂದ 12ರೊಳಗೇ ಇರುತ್ತದೆಂದು ಬಿಗಿಯಾಗಿ ಬರೆದರೆ ಒಂದು ಕೆಟ್ಟ ಹಂಗಾಮಿನಲ್ಲಿ ಸುಮ್ಮನೆ ಸಿಡಿಯುತ್ತದೆ. ಈ ಅಸರ್ಟ್ ಹಿಡಿಯಬೇಕಾದ್ದು ನೂರು ಪಟ್ಟಿನ ಎಡವಟ್ಟನ್ನು. ಅದಕ್ಕೆ ಇಷ್ಟು ಅಗಲದ ಗಡಿ ಸಾಕು.

ಅಳತೆಯ ಮಾನ ತಪ್ಪುವ ಈ ಜಾತಿಯ ದೋಷ ನೀರಿನ ಲೆಕ್ಕದಲ್ಲೂ ಇದೆ. ಆಲಮಟ್ಟಿ ಜಲಾಶಯದ ಒಳಹರಿವನ್ನು ಪತ್ರಿಕೆಗಳು ಕ್ಯುಸೆಕ್‌ನಲ್ಲಿ ಕೊಡುತ್ತವೆ, ಸಂಗ್ರಹವನ್ನು ಟಿಎಂಸಿಯಲ್ಲಿ. ದಿನವಿಡೀ ಸುಮಾರು 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಬದಲಾಯಿಸುವ ಫಂಕ್ಷನ್ ಬರೆದರೆ, ಹೋದ ದಾರಿಯಲ್ಲೇ ತಿರುಗಿ ಬಂದಾಗ ಮೊದಲಿನ ಅಂಕಿಯೇ ಸಿಗುತ್ತದೆಯೇ ಎಂದು ಟೆಸ್ಟ್‌ನಲ್ಲಿ ಅಸರ್ಟ್ ಮಾಡಿ. ಇಲ್ಲಿ ಫ್ಲೋಟ್ ತಪ್ಪಿಸಲಾಗದು, ಆದ್ದರಿಂದ ಸಮ ಚಿಹ್ನೆಯ ಬದಲು ಅತಿ ಸಣ್ಣ ವ್ಯತ್ಯಾಸಕ್ಕೆ ಅವಕಾಶ ಕೊಡಿ. ಆದರೆ ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್ ಎಂದು ಸೆನ್ಸರ್ ಅಂಕಿಗೆ ಆ ಮಿತಿಯ ಅಸರ್ಟ್ ಹಾಕಬೇಡಿ. ಸೆನ್ಸರ್ ಹೊರಗಿನದು.

ಸಿಡಿದಾಗ ಏನು ಮಾಡಬೇಕು

ಚೀಟಿ ಮಾಡುವ ಜಾಗದಲ್ಲಿ ಈ ಸಾಲು ಇದೆ ಎನ್ನಿ:

    ಅಸರ್ಟ್ ಖಾಲಿ_ವೇಳೆ > ತುಂಬಿದ_ವೇಳೆ, (ಚೀಟಿ, ತುಂಬಿದ_ವೇಳೆ, ಖಾಲಿ_ವೇಳೆ)

ಮೂರು ದಿನ ಸುಮ್ಮನಿದ್ದು ಒಂದು ರಾತ್ರಿ ಸಿಡಿಯುತ್ತದೆ. ಸಂದೇಶದಲ್ಲಿ (4417, 23:40, 00:25) ಎಂದಿದೆ. ಗಾಡಿ ರಾತ್ರಿ 11.40ಕ್ಕೆ ಒಳಗೆ ಹೋಗಿ 12.25ಕ್ಕೆ ಹೊರಗೆ ಬಂದಿದೆ. ಗಾಡಿಯದೇನೂ ತಪ್ಪಿಲ್ಲ, ಹಂಗಾಮಿನಲ್ಲಿ ಕಾರ್ಖಾನೆ ಹಗಲು ರಾತ್ರಿ ನಡೆಯುತ್ತದೆ.

ಇಂಥ ಹೊತ್ತಿನಲ್ಲಿ ಮೊದಲು ಬರುವ ಬುದ್ಧಿ ಅಸರ್ಟ್ ಸಾಲಿನ ಮುಂದೆ ಕಾಮೆಂಟ್ ಗುರುತು ಹಾಕುವುದು. ಅದನ್ನು ಬಿಟ್ಟು ಮೂರರಲ್ಲಿ ಯಾವುದೆಂದು ಕೇಳಿಕೊಳ್ಳಿ: ಕೋಡು ತಪ್ಪೇ, ಬಾಗಿಲಲ್ಲಿ ತಡೆಯಬೇಕಾದ್ದು ಒಳಗೆ ನುಸುಳಿತೇ, ಅಥವಾ ಅಸರ್ಟ್‌ನಲ್ಲಿ ನಾವು ನಂಬಿದ್ದೇ ತಪ್ಪೇ? ಇಲ್ಲಿ ಮೂರನೆಯದರಂತೆ ಕಾಣುತ್ತದೆ. ಸ್ವಲ್ಪ ಅಗೆದರೆ ಮೊದಲನೆಯದು: ಟೇಬಲ್‌ನಲ್ಲಿ ತಾರೀಖನ್ನು ಬಿಟ್ಟು ಬರೀ ವೇಳೆ ಇಟ್ಟಿದ್ದೀರಿ. ಅಸರ್ಟ್ ಸರಿಯಾಗಿಯೇ ಇತ್ತು. ಇದನ್ನು ಸುಮ್ಮನಾಗಿಸಿದ್ದರೆ ಅದೇ ಟೇಬಲ್‌ನಿಂದ ಮಾಡುವ "ಗಾಡಿ ಎಷ್ಟು ಹೊತ್ತು ಯಾರ್ಡಿನಲ್ಲಿ ಕಾಯಿತು" ಎಂಬ ವರದಿಯಲ್ಲಿ ಮಧ್ಯರಾತ್ರಿಯ ಗಾಡಿಗಳೆಲ್ಲ ಮೈನಸ್ 23 ಗಂಟೆ ಕಾದಂತೆ ಬರುತ್ತಿತ್ತು. ತಾರೀಖು ಸಹಿತ ವೇಳೆ ಇಡಿ, ಹಳೆಯ ಸಾಲುಗಳನ್ನು ಸರಿಪಡಿಸಿ, 4417ರ ಅಂಕಿಗಳನ್ನೇ ಒಂದು ಟೆಸ್ಟ್ ಮಾಡಿ ಸೇರಿಸಿ.

ಕೈಕೊಡುವ ಜಾಗಗಳು

ಮೊದಲನೆಯದು, ಅಸರ್ಟ್‌ನೊಳಗೆ ಕೆಲಸ ಮಾಡಿಸುವುದು.

    ಅಸರ್ಟ್ ಸರದಿ.ಪಾಪ್(0) == ಗಾಡಿ

ನೋಡಲು ಚೊಕ್ಕವಾಗಿದೆ: ಸರದಿಯ ಮೊದಲ ಗಾಡಿಯನ್ನು ತೆಗೆ, ಅದು ಇದೇ ಗಾಡಿಯೇ ನೋಡು. ಆದರೆ ಅಸರ್ಟ್ ಬಂದ್ ಮಾಡಿ ಓಡಿಸಿದ ದಿನ ಸಾಲಿನ ಜೊತೆ ತೆಗೆಯುವ ಕೆಲಸವೂ ಮಾಯ. ಸರದಿ ಮುಂದೆ ಹೋಗುವುದೇ ಇಲ್ಲ, ಪರದೆ ಮೇಲೆ ಅದೇ ಗಾಡಿಯ ನಂಬರ್ ಮತ್ತೆ ಮತ್ತೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕೆಲಸ ಒಂದು ಸಾಲು, ಅಸರ್ಟ್ ಇನ್ನೊಂದು ಸಾಲು:

    ಮುಂದಿನದು = ಸರದಿ.ಪಾಪ್(0)
    ಅಸರ್ಟ್ ಮುಂದಿನದು == ಗಾಡಿ, (ಮುಂದಿನದು, ಗಾಡಿ)

ಪರೀಕ್ಷೆ ಸುಲಭ: ಅಸರ್ಟ್ ಸಾಲನ್ನು ಪೂರ್ತಿ ಅಳಿಸಿದರೆ ಪ್ರೋಗ್ರಾಂ ಮೊದಲಿನಂತೆಯೇ ನಡೆಯಬೇಕು.

ಎರಡನೆಯದು ಪೈಥಾನ್‌ನವರಿಗೆ. ಷರತ್ತು ಮತ್ತು ಸಂದೇಶ ಎರಡನ್ನೂ ಒಂದೇ ಆವರಣದೊಳಗೆ ಹಾಕಿದರೆ ಅದು ಟ್ಯೂಪಲ್ (ಹಲವು ಮೌಲ್ಯಗಳ ಕಂತೆ) ಆಗುತ್ತದೆ, ಖಾಲಿಯಲ್ಲದ ಟ್ಯೂಪಲ್ ಯಾವಾಗಲೂ ನಿಜ, ಆ ಅಸರ್ಟ್ ಜನ್ಮದಲ್ಲಿ ಸಿಡಿಯದು. ಪೈಥಾನ್ ಎಚ್ಚರಿಕೆ ಕೊಡುತ್ತದೆ ನಿಜ, ಆದರೆ ಕೋಡು ಕಂಪೈಲ್ ಆಗುವಾಗ ಮಾತ್ರ. ಇಂಪೋರ್ಟ್ ಆದ ಫೈಲ್ ಒಮ್ಮೆ ಕ್ಯಾಶ್‌ಗೆ ಸೇರಿದರೆ ಮತ್ತೆ ಕಾಣುವುದಿಲ್ಲ. ಸಾಲು ಉದ್ದವಾಗಿದೆ ಎಂದು ಮುರಿಯಲು ಆವರಣ ಹಾಕುವಾಗ ಹೀಗಾಗುತ್ತದೆ. ಆವರಣ ಸಂದೇಶಕ್ಕೆ ಮಾತ್ರ ಇರಲಿ, ಮೇಲಿನ ಉದಾಹರಣೆಗಳಲ್ಲಿ ಇರುವಂತೆ.

ಮೂರನೆಯದು, ಸಿಡಿದದ್ದನ್ನು ನುಂಗುವ ಕೋಡು. ಪೈಥಾನ್‌ನಲ್ಲಿ ಅಸರ್ಟ್ ಸಿಡಿದಾಗ ಏಳುವ ಅಸರ್ಷನ್ ಎರರ್ ಕೂಡ ಎಕ್ಸೆಪ್ಷನ್ ವಂಶದ್ದೇ. ಮೇಲೆ ಎಲ್ಲೋ "ಯಾವ ಎಕ್ಸೆಪ್ಷನ್ ಬಂದರೂ ಬಿಟ್ಟು ಮುಂದೆ ಹೋಗು" ಎಂದಿದ್ದರೆ ಅಸರ್ಟ್ ಸಿಡಿದದ್ದು ಯಾರಿಗೂ ಕೇಳಿಸದು. ಜಾವಾದಲ್ಲಿ ಅದು ಎರರ್ ವಂಶಕ್ಕೆ ಸೇರಿದ್ದರಿಂದ ಎಕ್ಸೆಪ್ಷನ್ ಹಿಡಿಯುವ ಕ್ಯಾಚ್‌ಗೆ ಸಿಗುವುದಿಲ್ಲ, ಅಸರ್ಷನ್ ಎರರ್, ಎರರ್ ಅಥವಾ ಥ್ರೋಯಬಲ್ ಹಿಡಿದರೆ ಮಾತ್ರ ಸಿಗುತ್ತದೆ.

ನಾಲ್ಕನೆಯದು ಭದ್ರತೆ. "ಈ ಬಳಕೆದಾರರಿಗೆ ತೂಕ ತಿದ್ದುವ ಅಧಿಕಾರ ಇದೆಯೇ" ಎಂಬುದನ್ನು ಎಂದೂ ಅಸರ್ಟ್‌ನಿಂದ ಕೇಳಬೇಡಿ. ಒಂದು ಸ್ವಿಚ್‌ನಿಂದ ಮಾಯವಾಗುವ ಬೀಗ ಬೀಗವಲ್ಲ.

ಇಷ್ಟಲ್ಲದೆ ಉಪಯೋಗವಿಲ್ಲದ ಅಸರ್ಟ್‌ಗಳೂ ಇವೆ. ಹಿಂದಿನ ಸಾಲಿನಲ್ಲಿ 5 ಎಂದು ಇಟ್ಟು ಮುಂದಿನ ಸಾಲಿನಲ್ಲಿ 5 ಇದೆಯೇ ಎಂದು ಕೇಳುವುದು. ಅವು ಓದುವವರ ಹೊತ್ತು ತಿನ್ನುತ್ತವೆ ಅಷ್ಟೇ. ಇಬ್ಬರು ಬೇರೆ ಬೇರೆ ಹೊತ್ತಿನಲ್ಲಿ ಬರೆದ ಕೋಡು ಸೇರುವ ಜಾಗ, ಅಳತೆಯ ಮಾನ ಬದಲಾಗುವ ಜಾಗ, ಒಂದೇ ಸಂಖ್ಯೆಯನ್ನು ಎರಡು ದಾರಿಯಿಂದ ಲೆಕ್ಕ ಹಾಕಬಹುದಾದ ಜಾಗ: ಅಸರ್ಟ್ ಹಾಕಲು ತಕ್ಕ ಜಾಗಗಳು ಇವು. ಯಾರ್ಡಿನಲ್ಲಿ ಈಗ ನಿಂತಿರುವ ಗಾಡಿಗಳ ಪಟ್ಟಿಯ ಉದ್ದ, ಒಳಬಂದ ಗಾಡಿಗಳಿಂದ ಹೊರಹೋದವನ್ನು ಕಳೆದ ಸಂಖ್ಯೆಗೆ ಸಮವಿರಬೇಕು. ರೈತರವಾರು ನಿವ್ವಳಗಳ ಮೊತ್ತ, ಗಾಡಿವಾರು ನಿವ್ವಳಗಳ ಮೊತ್ತಕ್ಕೆ ಸಮವಿರಬೇಕು.

ಈ ಯೋಚನೆ ಹೊಸದೇನಲ್ಲ. 1949ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಬ್ರಿಟಿಷ್ ಗಣಿತಜ್ಞ ಅಲನ್ ಟ್ಯೂರಿಂಗ್ ಇದನ್ನು ಹೇಳಲು ಉದ್ದನೆಯ ಕೂಡುವ ಲೆಕ್ಕದ ಹೋಲಿಕೆ ಕೊಟ್ಟರು: ಪ್ರತಿ ಕಂಬಸಾಲಿನ ಮೊತ್ತವನ್ನು ಅದರ ಕೆಳಗೆ ಬೇರೆಯಾಗಿ ಬರೆದಿಟ್ಟರೆ, ಪರಿಶೀಲಿಸುವವರು ಒಂದೊಂದು ಕಂಬಸಾಲನ್ನು ಬಿಡಿಬಿಡಿಯಾಗಿ ನೋಡಿಬಿಡಬಹುದು. ಬರೆದಿಡದಿದ್ದರೆ ಮೊದಲಿನಿಂದ ಎಲ್ಲವನ್ನೂ ಕೂಡಿಸಬೇಕು.

ಹಂಗಾಮು ಶುರುವಾದ ಮೇಲೆ ಇಟ್ಟುಕೊಳ್ಳಬೇಕೇ

ಇದರಲ್ಲಿ ಎರಡು ಅಭಿಪ್ರಾಯಗಳಿವೆ. ವೇಗ ಬೇಕಾದಲ್ಲಿ ಬಂದ್ ಮಾಡುವುದು ರೂಢಿ. ಕಾಟಾ ಸಾಫ್ಟ್‌ವೇರಿಗೆ ನಮ್ಮ ಮತ ಇಟ್ಟುಕೊಳ್ಳಿ ಎಂದು. ಎರಡು ಅಂಕಿ ಹೋಲಿಸಲು ಕಂಪ್ಯೂಟರಿಗೆ ತಗಲುವ ಹೊತ್ತು, ಒಂದು ಗಾಡಿ ಕಾಟಾ ಹತ್ತಿ ಇಳಿಯುವ ಹೊತ್ತಿನೆದುರು ಲೆಕ್ಕಕ್ಕೇ ಇಲ್ಲ. ಪ್ರತಿ ಚೀಟಿಗೂ ಇಡೀ ಹಂಗಾಮಿನ ಮೊತ್ತವನ್ನು ಮತ್ತೆ ಕೂಡಿಸಿ ನೋಡುವಂಥ ಭಾರದ ಅಸರ್ಟ್ ಇದ್ದರೆ ಅದನ್ನಷ್ಟೇ ರಾತ್ರಿಯ ದಿನಾಂತ್ಯದ ಲೆಕ್ಕಕ್ಕೆ ಸಾಗಿಸಿ.

ಆದರೆ ಸಿಡಿದರೆ ಇಡೀ ಕಾಟಾ ನಿಲ್ಲಬಾರದು. ಅದಕ್ಕೆ ಒಂದು ಚೀಟಿಯ ಕೆಲಸ ಶುರುವಾಗುವ ಹೊರಗಡೆಯ ಜಾಗದಲ್ಲಿ, ಅಲ್ಲಿ ಒಂದೇ ಕಡೆ, ಅಸರ್ಷನ್ ಎರರ್ ಹಿಡಿಯಿರಿ. ಹಿಡಿದ ಮೇಲೆ ಮಾಡಬೇಕಾದ್ದು: ಆ ಚೀಟಿಯ ಡೇಟಾಬೇಸ್ ಬದಲಾವಣೆಗಳನ್ನು ಪೂರ್ತಿ ಹಿಂತೆಗೆದುಕೊಳ್ಳುವುದು, ಇಂಡಿಕೇಟರ್‌ನಿಂದ ಬಂದ ಮೂಲ ಅಂಕಿಗಳನ್ನೂ, ಯಾವ ಯಾವ ಫಂಕ್ಷನ್ ದಾಟಿ ಬಂದು ಸಿಡಿಯಿತೆಂದು ತೋರಿಸುವ ಪೂರ್ತಿ ಟ್ರೇಸ್‌ಬ್ಯಾಕ್ ಅನ್ನೂ ಲಾಗ್ ಫೈಲಿಗೆ ಬರೆಯುವುದು, ಚೀಟಿಯನ್ನು "ತಡೆಹಿಡಿದಿದೆ" ಎಂದು ಗುರುತಿಸುವುದು, ಮುಂದಿನ ಗಾಡಿಯನ್ನು ಕರೆಯುವುದು. ತಪ್ಪು ಅಂಕಿಯ ಚೀಟಿ ಮಾತ್ರ ಮುದ್ರಣವಾಗಕೂಡದು; ರೈತನ ಕೈಗೆ ಒಮ್ಮೆ ಕಾಗದ ಹೋದರೆ ಅದನ್ನು ವಾಪಸ್ ಪಡೆಯುವುದು ಕೋಡು ತಿದ್ದಿದಷ್ಟು ಸುಲಭವಲ್ಲ.

ಹಳೆಯ ಸಾಫ್ಟ್‌ವೇರಿಗೆ ಈಗ ಅಸರ್ಟ್ ಸೇರಿಸುತ್ತಿದ್ದರೆ ಹಂಗಾಮಿನ ನಡುವೆ ಕೈ ಹಾಕಬೇಡಿ. ಕಬ್ಬು ಬರುವುದಕ್ಕೆ ಒಂದೆರಡು ತಿಂಗಳು ಮೊದಲು ಹಿಂದಿನ ಹಂಗಾಮಿನ ಡೇಟಾಬೇಸ್‌ನ ಒಂದು ಪ್ರತಿ ಮಾಡಿಕೊಳ್ಳಿ. ನಿವ್ವಳ, ದರ, ಬಿಲ್ಲಿನ ಮೊತ್ತ, ಈ ಮೂರು ಜಾಗಗಳಿಗೆ ಮಾತ್ರ ಮೊದಲು ಅಸರ್ಟ್ ಹಾಕಿ, ಹಳೆಯ ಚೀಟಿಗಳನ್ನೆಲ್ಲ ಆ ಪ್ರತಿಯ ಮೇಲೆ ಮತ್ತೊಮ್ಮೆ ಓಡಿಸಿ. ಮೊದಲ ಸಲ ನೂರಾರು ಚೀಟಿ ಸಿಡಿದರೆ ಹೆದರಬೇಡಿ. ಸಾಮಾನ್ಯವಾಗಿ ಅವು ನಾಲ್ಕೈದು ಕಾರಣಗಳಿಗೇ ಸೇರಿರುತ್ತವೆ. ಯಾವ ಸಾಲಿನಲ್ಲಿ ಸಿಡಿಯಿತು ಎನ್ನುವುದರ ಮೇಲೆ ಗುಂಪು ಮಾಡಿ, ಪ್ರತಿ ಗುಂಪಿನಿಂದ ಒಂದು ಚೀಟಿ ಎತ್ತಿಕೊಂಡು ಕಾಟಾದ ಹಳೆಯ ಕಾಗದದ ರಿಜಿಸ್ಟರ್ ಪಕ್ಕದಲ್ಲಿಟ್ಟು ಅಂಕಿ ಅಂಕಿಯಾಗಿ ಹೋಲಿಸಿ. ರಿಜಿಸ್ಟರಿನಲ್ಲಿ ಕೈಬರಹದ ತಿದ್ದುಪಡಿ ಇರುವ ಚೀಟಿಗಳನ್ನು ಮೊದಲು ನೋಡಿ.